ಢಾಕಾದ ಸೋಲು ಮತ್ತು ನಮ್ಮ ಹೊನಲು ಬೆಳಕಿನ ಪಂದ್ಯಾಟಗಳು

ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತದ ಫುಟ್ಬಾಲ್ ತಂಡ ಬಾಂಗ್ಲಾದೇಶಕ್ಕೆ 0-1ರಿಂದ ಸೋತಿತು. ಆಟ ಶುರುವಾಗಿ ಕಾಲು ಗಂಟೆ ಆಗುವ ಮೊದಲೇ ಒಂದು ಗೋಲು ಬಿತ್ತು. ಉಳಿದ ಅಷ್ಟೂ ಹೊತ್ತು ಆಡಿದರೂ ಅದನ್ನು ಸಮ ಮಾಡಲು ನಮ್ಮಿಂದ ಆಗಲಿಲ್ಲ. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ನಂತರ. ಕ್ರಿಕೆಟ್‌ನಲ್ಲಿ ಹೀಗೆ ಆಗಿದ್ದರೆ ಮರುದಿನ ಹೋಟೆಲು, ಬಸ್‌ಸ್ಟ್ಯಾಂಡು, ಮೀನು ಮಾರ್ಕೆಟ್ಟು ಎಲ್ಲಾ ಕಡೆ ಅದೇ ಮಾತು ಇರುತ್ತಿತ್ತು. ಇದಕ್ಕೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಬಂದದ್ದು ನಾಲ್ಕು ಜೋಕು. ಆಮೇಲೆ ಪುನಃ ಮೆಸ್ಸಿ, ರೊನಾಲ್ಡೊ.

ಸೋಲಿಗೆ ಸಿಟ್ಟು ಬಂದರೆ ಪರವಾಗಿಲ್ಲ, ನಮಗೆ ಸಿಟ್ಟು ಕೂಡಾ ಬರುವುದಿಲ್ಲ ಎಂಬುದೇ ನಮ್ಮ ತಕರಾರು.

ಈ ಸೋಲಿನ ಲೆಕ್ಕವನ್ನು ಮೊದಲು ನೋಡೋಣ. 2027ರ ಏಷ್ಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ ನಮ್ಮ ಗುಂಪಿನಲ್ಲಿ ಇದ್ದದ್ದು ಹಾಂಕಾಂಗ್, ಸಿಂಗಾಪುರ ಮತ್ತು ಬಾಂಗ್ಲಾದೇಶ. ಜಪಾನ್ ಇಲ್ಲ, ಇರಾನ್ ಇಲ್ಲ, ಕೊರಿಯಾ ಇಲ್ಲ. ಗುಂಪು ಮಾಡುವಾಗ ನಾಲ್ವರಲ್ಲಿ ಮೇಲಿನ ಸ್ಥಾನ ನಮ್ಮದೇ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ 0-0. ಹಾಂಕಾಂಗ್‌ಗೆ ಹೋಗಿ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟು 0-1. ಸಿಂಗಾಪುರದಲ್ಲಿ ಹತ್ತೇ ಜನ ಉಳಿದ ಮೇಲೂ 90ನೇ ನಿಮಿಷದಲ್ಲಿ ರಹೀಂ ಅಲಿ ಗೋಲು ಹೊಡೆದು 1-1 ಮಾಡಿದರು. ಐದು ದಿನ ಕಳೆದು ಮಡ್ಗಾಂವ್‌ನಲ್ಲಿ ಅದೇ ಸಿಂಗಾಪುರದ ವಿರುದ್ಧ ಚಾಂಗ್ಟೆಯ ಗೋಲಿನಿಂದ ಮುಂದೆ ಇದ್ದವರು 1-2ರಿಂದ ಸೋತರು. ಬಾಗಿಲು ಮುಚ್ಚಿದ್ದು ಅಲ್ಲಿಗೇ. ಢಾಕಾದ್ದು ಅದರ ಮೇಲಿನ ಇನ್ನೊಂದು ಪೆಟ್ಟು. 5 ಪಂದ್ಯ, 450 ನಿಮಿಷ, 2 ಗೋಲು, ಒಂದೂ ಗೆಲುವಿಲ್ಲ. ಆಗ ಹಾಂಕಾಂಗ್ ವಿರುದ್ಧ ಇನ್ನೊಂದು ಪಂದ್ಯ ಬಾಕಿ ಇತ್ತು, ಅದನ್ನು ಗೆದ್ದರೂ ಪ್ರಯೋಜನ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಫಿಫಾ ಪಟ್ಟಿಯಲ್ಲಿ ನಾವು 142.

ಇದೇ ತಂಡ 2023ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿತ್ತು. ಆಗ ರ‍್ಯಾಂಕಿಂಗ್ ನೂರರ ಒಳಗೆ ಬಂದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0ರಿಂದ ಗೆದ್ದಿತ್ತು. ಆಮೇಲೆ ಎಂತದೋ ಆಯಿತು. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರ ಎದುರೂ ಸೋಲು, ಒಂದೇ ಒಂದು ಗೋಲಿಲ್ಲ. ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1-2. 2024ರ ಇಡೀ ವರ್ಷದಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮುಂದಿನ ಗೆಲುವು ಬಂದದ್ದು 2025ರ ಮಾರ್ಚ್‌ನಲ್ಲಿ, ಮಾಲ್ಡೀವ್ಸ್ ವಿರುದ್ಧ. ಅದಕ್ಕೂ ನಿವೃತ್ತಿಯಾಗಿದ್ದ 40 ವರ್ಷದ ಸುನಿಲ್ ಚೆಟ್ರಿಯನ್ನು ಪುನಃ ಕರೆಯಬೇಕಾಯಿತು. ಅವರು ಬಂದು ಗೋಲೂ ಹೊಡೆದರು ಅನ್ನಿ. ಆದರೆ 140 ಕೋಟಿ ಜನರ ದೇಶಕ್ಕೆ ಚೆಟ್ರಿಯ ನಂತರ ಗೋಲು ಹೊಡೆಯಲು ಇನ್ನೊಬ್ಬ ಸಿಗಲಿಲ್ಲ ಎಂಬುದನ್ನೂ ಆ ಗೋಲು ಹೇಳಿತು.

ಈ ಸೋಲಿನಲ್ಲಿ ನಮ್ಮವರ ನಷ್ಟ ಬೇರೆಯವರಿಗಿಂತ ಒಂದು ಮುಷ್ಟಿ ಹೆಚ್ಚೇ. 2027ರ ಜನವರಿಯಲ್ಲಿ ಏಷ್ಯನ್ ಕಪ್ ನಡೆಯುವುದು ಸೌದಿ ಅರೇಬಿಯಾದಲ್ಲಿ. ರಿಯಾದ್, ಜಿದ್ದಾ, ಖೋಬರ್. ಈ ಮೂರು ಊರುಗಳ ಹೆಸರು ಕೇಳಿದರೆ ಕರಾವಳಿಯ ಯಾವ ಬ್ಯಾರಿ ಮನೆಯಲ್ಲಿ ಯಾರದ್ದೂ ನೆನಪಾಗುವುದಿಲ್ಲ ಹೇಳಿ? ಅಣ್ಣನೋ, ಮಾವನೋ, ಮಗನೋ ಅಲ್ಲಿ ಇದ್ದೇ ಇರುತ್ತಾರೆ. 2024ರಲ್ಲಿ ಕತಾರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಪಂದ್ಯಕ್ಕೆ 35 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅದರಲ್ಲಿ ಬಹುಪಾಲು ಅಲ್ಲಿ ದುಡಿಯುವ ಭಾರತೀಯರು. ಡ್ಯೂಟಿ ಮುಗಿಸಿ, ರೂಮಿನವರನ್ನೆಲ್ಲ ಕಟ್ಟಿಕೊಂಡು, ನೀಲಿ ಅಂಗಿ ಹಾಕಿ ಸ್ಟೇಡಿಯಂಗೆ ಹೋಗುವ ಆ ಒಂದು ಸಂಜೆಯ ಬೆಲೆ ಪರದೇಶದಲ್ಲಿ ಇದ್ದವರಿಗೇ ಗೊತ್ತು. ಸೌದಿಯಲ್ಲಿ ಇರುವವರಿಗೆ ಆ ಸಂಜೆ ಈ ಸಲ ಇಲ್ಲ.

ಹಾಗಾದರೆ ತಪ್ಪು ಯಾರದ್ದು? ಸೋತ ಕೂಡಲೇ ಕೋಚ್‌ನ ತಲೆಗೆ ಕಟ್ಟುವುದು ಸುಲಭ. 2024ರ ಜೂನ್‌ನಲ್ಲಿ ಸ್ಟಿಮ್ಯಾಚ್‌ರನ್ನು ಕಳಿಸಿದರು. ಮನೋಲೋ ಮಾರ್ಕ್ವೆಝ್ ಬಂದು ಒಂದು ವರ್ಷದಲ್ಲಿ ಹೋದರು. 2025ರ ಆಗಸ್ಟ್‌ನಿಂದ ಖಾಲಿದ್ ಜಮೀಲ್. 13 ವರ್ಷಗಳ ನಂತರ ರಾಷ್ಟ್ರೀಯ ತಂಡಕ್ಕೆ ಬಂದ ಭಾರತೀಯ ಕೋಚ್ ಅವರು. ಹುಟ್ಟಿದ್ದು ಕುವೈತ್‌ನಲ್ಲಿ, ಗಲ್ಫ್‌ಗೆ ಹೋದ ಭಾರತೀಯ ಕುಟುಂಬದ ಮಗ. ಬಂದ ತಿಂಗಳಲ್ಲೇ ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ, ಸೆಪ್ಟೆಂಬರ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಕಾಫಾ ಕಪ್‌ನಲ್ಲಿ ಮೂರನೇ ಸ್ಥಾನ ತಂದುಕೊಟ್ಟರು. ಆಗ ಹೊಗಳಿದವರೇ ಎರಡು ತಿಂಗಳಲ್ಲಿ ಬೈಯಲು ಶುರು ಮಾಡಿದ್ದಾರೆ. ಸಿಂಗಾಪುರದ ವಿರುದ್ಧ ಮುನ್ನಡೆ ಉಳಿಸಿಕೊಳ್ಳಲು ಆಗಲಿಲ್ಲ ಎಂಬುದಕ್ಕೆ ಅವರು ಉತ್ತರ ಕೊಡಬೇಕು, ಅದು ಸರಿ. ಆದರೆ ಒಂದೂವರೆ ವರ್ಷದಲ್ಲಿ ಮೂರು ಕೋಚ್ ಬದಲಾದರೂ ಗೋಲು ಬರುವುದಿಲ್ಲ ಎಂದಾದರೆ ರೋಗ ಬೇರೆ ಕಡೆ ಇದೆ.

ಆ ರೋಗ ಎಲ್ಲಿದೆ ಎಂದು ಆಟ ಗೊತ್ತಿದ್ದವರಿಗೆ ತಿಳಿದೇ ಇದೆ. ನಮ್ಮ ದೊಡ್ಡ ಕ್ಲಬ್‌ಗಳಲ್ಲಿ ಗೋಲು ಹೊಡೆಯುವ ಜಾಗದಲ್ಲಿ ಹೆಚ್ಚಾಗಿ ನಿಲ್ಲುವುದು ವಿದೇಶಿ ಆಟಗಾರರು. ನಮ್ಮ ಹುಡುಗ ವಿಂಗ್‌ನಲ್ಲಿ ಓಡುತ್ತಾನೆ, ಚೆಂಡು ಕೊಡುತ್ತಾನೆ, ಗೋಲು ಅವರು ಹೊಡೆಯುತ್ತಾರೆ. ದೇಶದ ತಂಡಕ್ಕೆ ಬಂದಾಗ ಕೊಡುವವರು ಇದ್ದಾರೆ, ಹೊಡೆಯುವವರಿಲ್ಲ. ಅದರ ಮೇಲೆ 2025ರ ಜುಲೈಯಲ್ಲಿ ಒಪ್ಪಂದದ ಜಗಳದಲ್ಲಿ ಐಎಸ್‌ಎಲ್ ಲೀಗನ್ನೇ ತಡೆಹಿಡಿದರು. ನಡೆಸಲು ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಲೀಗ್ ಇಲ್ಲದ ದೇಶದ ಆಟಗಾರರು ಲೀಗ್ ಇರುವ ದೇಶದವರ ಎದುರು ಏದುಸಿರು ಬಿಟ್ಟರೆ ಅದರಲ್ಲಿ ಆಶ್ಚರ್ಯ ಎಂತದು? 2047ಕ್ಕೆ ಏಷ್ಯಾದ ಮೊದಲ ನಾಲ್ಕರಲ್ಲಿ ಇರುತ್ತೇವೆ ಎಂದು ಫೆಡರೇಶನ್ ದೊಡ್ಡ ಯೋಜನೆ ಪ್ರಕಟಿಸಿತ್ತು. 2047 ಇರಲಿ ಮಾರಾಯ್ರೆ, ಈ ವರ್ಷದ ಪಂದ್ಯದ ವೇಳಾಪಟ್ಟಿ ಕೊಡಿ ಎಂದು ಆಟಗಾರರು ಕೇಳುವ ಹಾಗಾಗಿತ್ತು.

ಇನ್ನು ಪಾಸ್‌ಪೋರ್ಟಿನ ವಿಷಯ. ಢಾಕಾದಲ್ಲಿ ನಾವು ಸೋತ ದಿನವೇ ಕೆರಿಬಿಯನ್ ಸಮುದ್ರದ ಕುರಸಾವ್ ಎಂಬ ಪುಟ್ಟ ದ್ವೀಪ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿನ ಜನಸಂಖ್ಯೆ ನಮ್ಮ ಮಂಗಳೂರು ನಗರದ ಅರ್ಧವೂ ಇಲ್ಲ. ಅದನ್ನು ಹಿಡಿದು ನಮ್ಮ ತಂಡವನ್ನು ಹಂಗಿಸುವವರು ಒಂದು ಮಾತು ಮರೆಯುತ್ತಾರೆ. ಅವರ ಹೆಚ್ಚಿನ ಆಟಗಾರರು ಹುಟ್ಟಿ ಬೆಳೆದು ಆಟ ಕಲಿತದ್ದು ನೆದರ್ಲ್ಯಾಂಡ್ಸ್‌ನಲ್ಲಿ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ದೇಶದ ಪರ ಆಡಲು ಸಾಧ್ಯ. ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ್ದನ್ನು ಪಡೆದದ್ದು ದೊಡ್ಡ ಸುದ್ದಿಯಾಯಿತು. ಅಂಥವರು ಬರಲಿ, ಸ್ವಾಗತ. ಆದರೆ ಹೊರಗಿನಿಂದ ಹತ್ತು ಜನ ಬಂದರೆ ಎಲ್ಲಾ ಸರಿಯಾಗುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಏಕೆಂದರೆ ನಮ್ಮ ಕಣ್ಣೆದುರೇ ಬೇರೆ ಉದಾಹರಣೆ ಇದೆ. 2022ರಲ್ಲಿ ಮೊರಾಕ್ಕೊ ವಿಶ್ವಕಪ್‌ನ ಸೆಮಿಫೈನಲ್‌ಗೆ ಬಂದಾಗ ಕರಾವಳಿಯ ಉದ್ದಕ್ಕೂ ನಮ್ಮ ಹುಡುಗರು ಮಾಡಿದ ಸಂಭ್ರಮ ನೆನಪಿದೆಯಲ್ಲ? ಅವರಲ್ಲೂ ಯುರೋಪಿನಲ್ಲಿ ಹುಟ್ಟಿದ ಆಟಗಾರರು ತುಂಬಾ ಜನ ಇದ್ದರು. ಅದರ ಜೊತೆಗೆ ಅವರು ತಮ್ಮ ನೆಲದಲ್ಲೇ ಒಂದು ದೊಡ್ಡ ಅಕಾಡೆಮಿ ಕಟ್ಟಿ, ಮಕ್ಕಳನ್ನು ಚಿಕ್ಕಂದಿನಲ್ಲೇ ಆರಿಸಿ, ಶಾಲೆ ಮತ್ತು ಆಟ ಎರಡನ್ನೂ ಒಟ್ಟಿಗೆ ಕಲಿಸಿದ್ದರು. ಎನ್‌ನೆಸಿರಿ, ಔನಾಹಿ ಬಂದದ್ದು ಆ ಅಕಾಡೆಮಿಯಿಂದ. 2025ರ ಅಕ್ಟೋಬರ್‌ನಲ್ಲಿ ಅದೇ ಮೊರಾಕ್ಕೊದ 20 ವರ್ಷದೊಳಗಿನವರು ಅರ್ಜೆಂಟೀನಾವನ್ನು 2-0ಯಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಉಜ್ಬೇಕಿಸ್ತಾನದ್ದೂ ಇದೇ ಕತೆ. ಕರ್ನಾಟಕಕ್ಕಿಂತ ಕಡಿಮೆ ಜನರಿರುವ ಆ ದೇಶ ಮೊದಲು ಏಷ್ಯಾದ ಕಿರಿಯರ ಕಪ್‌ಗಳನ್ನು ಗೆದ್ದಿತು, ಆಮೇಲೆ ಒಲಿಂಪಿಕ್ಸ್‌ಗೆ ಹೋಯಿತು, 2025ರಲ್ಲಿ ಮೊದಲ ಸಲ ಹಿರಿಯರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಒಂದೊಂದೇ ಮೆಟ್ಟಿಲು.

ನಮ್ಮಲ್ಲಿ ಇದು ಆಗಿಯೇ ಇಲ್ಲ ಎಂದಲ್ಲ. ಹೈದರಾಬಾದಿನ ಶಾಲಾ ಮೇಷ್ಟ್ರು ಸಯ್ಯದ್ ಅಬ್ದುಲ್ ರಹೀಂ ಕಟ್ಟಿದ ತಂಡ 1951ರಲ್ಲಿ ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತ್ತು, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿತ್ತು. ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಮರುವರ್ಷವೇ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ನಮಗೆ ಆಮೇಲೆ ಸಿಗಲೇ ಇಲ್ಲ. ನಮ್ಮ ರಾಜ್ಯದ ವಿಷಯ ಹೇಳುವುದಾದರೆ, 54 ವರ್ಷಗಳ ನಂತರ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2. ಎಷ್ಟು ಜನರಿಗೆ ಗೊತ್ತು?

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಮಂಗಳೂರಿನ ನೆಹರೂ ಮೈದಾನದಿಂದ ಹಿಡಿದು ಉಳ್ಳಾಲದ ಕಡಲ ಬದಿಯವರೆಗೆ ಚೆಂಡು ಒದೆಯುವ ಹುಡುಗರಿಗೆ ಕೊರತೆ ಇಲ್ಲ. ಮಳೆ ಬಿಟ್ಟ ಕೂಡಲೇ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾಟ ಶುರು. ಫ್ಲೆಕ್ಸು, ಪಟಾಕಿ, ಮೈಕ್, ಅತಿಥಿಗಳಿಗೆ ಶಾಲು, ವಿದೇಶದಿಂದ ಬಂದ ದಾನಿಗಳಿಗೆ ಸನ್ಮಾನ. ಗೆಲ್ಲಬೇಕು ಎಂದು ಕೇರಳದಿಂದ ದುಡ್ಡು ಕೊಟ್ಟು ಆಟಗಾರರನ್ನು ತರಿಸುವುದೂ ಉಂಟು. ಒಂದು ರಾತ್ರಿಯ ಆ ಗೌಜಿಯನ್ನು ನಾವು ಬೇಡ ಎನ್ನುವುದಿಲ್ಲ, ಊರು ಸೇರುವ ಖುಷಿ ಅದು. ಆದರೆ ಆ ರಾತ್ರಿ ಮೈದಾನದ ಗೆರೆಯ ಹೊರಗೆ ಕೂತು ನೋಡುವ ಹತ್ತು ವರ್ಷದ ಹುಡುಗನಿಗೆ ಮರುದಿನ ಎಲ್ಲಿ ಆಟ? ಗದ್ದೆಗಳಲ್ಲಿ ಮನೆ ಎದ್ದಿದೆ. ಇರುವ ಟರ್ಫ್‌ಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ದೊಡ್ಡವರು ಕೈಯಿಂದ ಹಾಕಿ ಆಡುತ್ತಾರೆ, ಮಕ್ಕಳು ಯಾರ ಕೈಯಿಂದ ಹಾಕಬೇಕು?

ನಮ್ಮ ಯುವಕ ಸಂಘಗಳು ಮತ್ತು ಗಲ್ಫ್‌ನ ಗೆಳೆಯರ ಬಳಗಗಳ ಎದುರು ನಾವು ಇಡುವ ಮಾತು ಇಷ್ಟೇ. ಒಂದು ರಾತ್ರಿಯ ಪಂದ್ಯಾಟಕ್ಕೆ ಒಟ್ಟು ಮಾಡುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಅಕ್ಕಪಕ್ಕದ ಆರೇಳು ಊರಿನ 12 ವರ್ಷದೊಳಗಿನ ಮಕ್ಕಳಿಗೆ ವಾರಕ್ಕೊಂದು ಪಂದ್ಯದ ಲೀಗ್ ನಡೆಸಿ. ಬಹುಮಾನದ ಮೊತ್ತ ಬೇಡ, ಒಂದು ಚೆಂಡು, ಒಬ್ಬ ರೆಫ್ರಿ, ಕುಡಿಯಲು ನೀರು ಸಾಕು. ಊರಲ್ಲಿ ಚೆನ್ನಾಗಿ ಆಡಿ ಈಗ ಮೂವತ್ತು ದಾಟಿದವರನ್ನು ಕೋಚಿಂಗ್ ಲೈಸೆನ್ಸ್‌ನ ಮೊದಲ ಹಂತದ ಕೋರ್ಸಿಗೆ ಕಳಿಸಿ, ಶುಲ್ಕ ಸಂಘ ಕಟ್ಟಲಿ. ಶನಿವಾರ ಸಂಜೆ ಮೈದಾನ ಬಿಟ್ಟುಕೊಡಲು ನಮ್ಮ ಶಿಕ್ಷಣ ಸಂಸ್ಥೆಗಳು ಮನಸ್ಸು ಮಾಡಬೇಕು.

"ಆಟ ಆಡಿ ಎಂತ ಸಿಗ್ತದೆ, ಓದಿ ಒಂದು ವೀಸಾ ಆಗಲಿ" ಎಂಬ ತಂದೆಯ ಮಾತನ್ನು ನಾವು ತಮಾಷೆ ಮಾಡುವುದಿಲ್ಲ. ಆ ಮಾತಿನ ಹಿಂದೆ ಮನೆಯ ಸಾಲ ಇದೆ, ತಂಗಿಯ ಮದುವೆ ಇದೆ. ಆದರೆ ರೈಲ್ವೆಯಲ್ಲಿ, ಸೇನೆಯಲ್ಲಿ ಆಟಗಾರರಿಗೆ ಕೆಲಸ ಉಂಟು. ರೆಫ್ರಿ, ಕೋಚ್, ಫಿಸಿಯೋ ಆಗುವ ದಾರಿಯೂ ಇದೆ. ಭಾರತದ ಪರ ಆಡಿದ ಸಹಲ್ ಅಬ್ದುಲ್ ಸಮದ್ ಹುಟ್ಟಿದ್ದು ಅಲ್ ಐನ್‌ನಲ್ಲಿ, ಗಲ್ಫ್‌ಗೆ ದುಡಿಯಲು ಹೋದ ಮಲಯಾಳಿ ಮನೆಯ ಮಗ. ಅವರ ಮನೆಗೂ ನಮ್ಮ ಮನೆಗೂ ಎಂತ ವ್ಯತ್ಯಾಸ?

ಹೆಣ್ಮಕ್ಕಳ ವಿಷಯ ಹೇಳದಿದ್ದರೆ ಈ ಲೆಕ್ಕ ಪೂರ್ತಿ ಆಗುವುದಿಲ್ಲ. ಗಂಡಸರ ತಂಡ ಎಡವುತ್ತಿದ್ದ ಇದೇ 2025ರಲ್ಲಿ ಮಹಿಳಾ ತಂಡ ಜುಲೈ 5ರಂದು ಥಾಯ್ಲೆಂಡ್‌ಗೆ ಹೋಗಿ ಅವರನ್ನೇ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯನ್ ಕಪ್‌ಗೆ ಹೋಗುವುದು ನಮ್ಮ ಮಹಿಳೆಯರಿಗೆ ಇದೇ ಮೊದಲು. ಆ ಕಪ್ 2026ರ ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ. ಅವರಿಗೆ ಸಿಕ್ಕಿದ ಸೌಲಭ್ಯ, ಸಂಬಳ, ಪ್ರಚಾರ ಎಲ್ಲಾ ಕಡಿಮೆ.

ಢಾಕಾದ ಸೋಲನ್ನು ಮರೆಯಲು ನಮಗೆ ಒಂದು ವಾರವೂ ಬೇಡ. ಮರೆಯುವ ಮೊದಲು ಇಷ್ಟಾದರೂ ಆಗಲಿ. ಈ ಬೇಸಿಗೆಯ ಪಂದ್ಯಾಟಕ್ಕೆ ಚಂದಾ ಕೇಳಲು ಹುಡುಗರು ಬಂದಾಗ ಕೊಡಿ, ಆದರೆ ಕೊಡುವಾಗ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಮಕ್ಕಳಿಗೆ ಎಷ್ಟು ತೆಗೆದಿಟ್ಟಿದ್ದೀರಿ?"