ಬಾಣದ ಮೇಲಿನ ಬೆಳಕು

ನಾವು ಹನ್ನೊಂದನೇ ತರಗತಿಯ ವಿಜ್ಞಾನ ವಿದ್ಯಾರ್ಥಿಗಳು. ಬೆಂಜೀನ್ ಮತ್ತು ಕ್ಲೋರಿನ್ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಬೆಂಜೀನ್ ಹೆಕ್ಸಾಕ್ಲೋರೈಡ್ ಆಗುತ್ತದೆ, ಅದಕ್ಕೆ ಗ್ಯಾಮಕ್ಸೀನ್ ಎಂದೂ ಹೆಸರು ಎಂದು ನಮ್ಮ ಪುಸ್ತಕ ಹೇಳುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ನಮಗೆ ಸಾಲದು.

ಸಮೀಕರಣದ ಬಾಣದ ಮೇಲೆ ಬರೆಯುವ ಆ ಬೆಳಕಿನ ಕೆಲಸ ಸಣ್ಣದಲ್ಲ. ಕತ್ತಲೆಯಲ್ಲಿ ಸುಮ್ಮನಿರುವ ಕ್ಲೋರಿನ್ ಅಣುವನ್ನು ಅದು ಎರಡಾಗಿ ಸೀಳುತ್ತದೆ. ಬಿಡಿಯಾದ ಪರಮಾಣು ಬೆಂಜೀನ್ ಉಂಗುರಕ್ಕೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಕ್ರಿಯೆ ಸರಪಳಿಯಂತೆ ಸಾಗುತ್ತದೆ. 1825ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಬಿಸಿಲಿನಲ್ಲೇ ಮಾಡಿದ್ದರು. (ಬಿಸಿಲಿಗೆ ಈ ಗಲ್ಫಿನಲ್ಲಿ ನಮಗೇನೂ ಬರವಿಲ್ಲ!)

ಆದರೆ ಬೆಳಕಿಗೆ ಆರಿಸಲು ಬಾರದು. ಆರು ಕ್ಲೋರಿನ್‌ಗಳು ಉಂಗುರದ ಮೇಲೆ ಕೆಳಗೆ ಹೇಗೆ ಕುಳಿತವು ಎಂಬುದರಂತೆ ಹಲವು ಐಸೋಮರ್‌ಗಳಾಗುತ್ತವೆ. ಕೀಟವನ್ನು ಕೊಲ್ಲುವುದು ಮುಖ್ಯವಾಗಿ ಗಾಮಾ ಒಂದೇ, ಗ್ಯಾಮಕ್ಸೀನ್ ಎಂಬ ಹೆಸರು ಸಲ್ಲುವುದೂ ಅದಕ್ಕೇ. ಅದು ಸಿಗುವುದು ನೂರಕ್ಕೆ 10ರಿಂದ 15 ಭಾಗ ಮಾತ್ರ. ಉಳಿದದ್ದು? ರಜೆಗೆ ಊರಿಗೆ ಹೋದಾಗ ಅಜ್ಜನನ್ನು 'ಬಿ.ಎಚ್.ಸಿ. ಪುಡಿ' ಎಂದು ಕೇಳಿ ನೋಡಿ. ಎಲ್ಲ ಸೇರಿದ ಮಿಶ್ರಣವನ್ನೇ ಗದ್ದೆಗಳಿಗೆ ಎರಚುತ್ತಿದ್ದರು. ಅದರ ಬೀಟಾ ಐಸೋಮರ್ ಮನುಷ್ಯನ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಭಾರತ 1997ರಲ್ಲಿ ಈ ಪುಡಿಯನ್ನು ನಿಷೇಧಿಸಿತು.

ಆದ್ದರಿಂದ ಆ ಪಾಠಕ್ಕೆ ಇನ್ನೆರಡು ಸಾಲು ಬೇಕು: ಗಾಮಾ ಎಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು. ಪುಸ್ತಕ ಬದಲಾಗುವವರೆಗೆ ಟೀಚರ್ ಬೋರ್ಡಿನ ಮೇಲೆ ಬರೆದರೂ ಆದೀತು. ಅದಕ್ಕೆ ಅಂಕ ಇಲ್ಲದಿದ್ದರೂ ನಾವು ಬರೆದುಕೊಳ್ಳುತ್ತೇವೆ.