ಡಿಲೀಟ್ ಮಾಡಿದ್ರೂ ಜಾಗ ಯಾಕೆ ಖಾಲಿಯಾಗಲ್ಲ?

ಕಳೆದ ಸಲ ಫೆಸ್ಟ್‌ಗೆ ಎರಡೇ ದಿನ ಇರುವಾಗ ನಮ್ಮ ರಿಜಿಸ್ಟ್ರೇಷನ್ ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂತು. ಲಾಗ್ ಟೇಬಲ್‌ನಿಂದ ಲಕ್ಷಾಂತರ ಹಳೇ ಸಾಲುಗಳನ್ನು ಡಿಲೀಟ್ ಮಾಡಿ, ಟೀ ಕುಡಿದು ಬಂದು ನೋಡಿದ್ರೆ ಒಂದು ಎಂಬಿ ಜಾಗವೂ ಬಿಟ್ಟಿರಲಿಲ್ಲ. ಗಾಬರಿಯಲ್ಲಿ ‘ವ್ಯಾಕ್ಯೂಮ್ ಫುಲ್’ ಕೊಟ್ಟೆವು. ರಿಜಿಸ್ಟ್ರೇಷನ್ ಪೇಜೇ ನಿಂತುಹೋಯ್ತು. ಆಮೇಲೆ ಜಾಗ ಸಾಲದೆ ಆ ಕಮಾಂಡೂ ಫೇಲ್ ಆಯ್ತು. ಕೊನೆಗೆ ಇಡೀ ಟೇಬಲ್ಲನ್ನೇ ಟ್ರಂಕೇಟ್ ಮಾಡಿ, ಬೇಕಾಗಿದ್ದ ಲಾಗನ್ನೂ ಕಳೆದುಕೊಂಡು ಬಚಾವಾದೆವು.

ತಪ್ಪು ಡೇಟಾಬೇಸ್‌ದಲ್ಲ, ನಮ್ಮದು.

ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಅಂದರೆ ಸಾಲಿನ ಮೇಲೆ ಗುರುತು ಹಾಕುವುದಷ್ಟೇ. ಬೇರೆ ಯಾವುದೋ ಟ್ರಾನ್ಸಾಕ್ಷನ್ ಅದನ್ನು ಇನ್ನೂ ಓದುತ್ತಿರಬಹುದು, ಹಾಗಾಗಿ ತಕ್ಷಣ ಅಳಿಸುವಂತಿಲ್ಲ. ಬಸ್ಸಿಂದ ಪ್ರಯಾಣಿಕ ಇಳಿದರೂ ಸೀಟಿನ ಮೇಲೆ ಅವನ ಟವೆಲ್ ಬಿದ್ದಿದೆ ಅಂದುಕೊಳ್ಳಿ. ಮಾಮೂಲಿ ವ್ಯಾಕ್ಯೂಮ್ ಬಂದು ಟವೆಲ್ ತೆಗೆಯುತ್ತದೆ. ಹೊಸಬರು ಕೂರಬಹುದು, ಆದರೆ ಬಸ್ಸಿನ ಉದ್ದ ಕಮ್ಮಿಯಾಗಲ್ಲ. ಟೇಬಲ್‌ನ ಕೊನೆಯ ಪೇಜುಗಳು ಪೂರ್ತಿ ಖಾಲಿಯಿದ್ದರೆ ಮಾತ್ರ ಅಷ್ಟು ಜಾಗ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಹೋಗಬಹುದು. ವ್ಯಾಕ್ಯೂಮ್ ಫುಲ್ ಅಂದರೆ ಎಲ್ಲರನ್ನೂ ಚಿಕ್ಕ ಬಸ್ಸಿಗೆ ದಾಟಿಸುವುದು. ಅದಕ್ಕೆ ಎರಡನೇ ಬಸ್ಸು ಬೇಕು, ಅಂದರೆ ಡಿಸ್ಕ್‌ನಲ್ಲಿ ಹೊಸ ಪ್ರತಿಗೆ ಜಾಗ ಬೇಕು. ದಾಟಿಸುವ ತನಕ ಟೇಬಲ್ ಪೂರ್ತಿ ಲಾಕ್, ಓದುವುದಕ್ಕೂ ಬಿಡಲ್ಲ.

ಆಟೋವ್ಯಾಕ್ಯೂಮ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ಟೇಬಲ್‌ನ ಸುಮಾರು ಶೇ. 20ರಷ್ಟು ಸಾಲುಗಳು ಸತ್ತ ಮೇಲಷ್ಟೇ ಏಳುತ್ತದೆ. ಒಂದು ಕೋಟಿ ಸಾಲಿನ ಟೇಬಲ್‌ಗೆ 20 ಲಕ್ಷ! ಯಾರಾದರೂ ಟ್ರಾನ್ಸಾಕ್ಷನ್ ಓಪನ್ ಮಾಡಿ ಊಟಕ್ಕೆ ಹೋಗಿದ್ದರೆ, ಆಮೇಲೆ ಡಿಲೀಟ್ ಆದ ಸಾಲುಗಳನ್ನು ಅದೂ ಮುಟ್ಟುವಂತಿಲ್ಲ.

ದಿನಾ ಸ್ವಲ್ಪ ಸ್ವಲ್ಪ ಅಳಿಸುತ್ತಾ ಬಂದಿದ್ದರೆ ಅದೇ ಜಾಗ ಮತ್ತೆ ಬಳಕೆಗೆ ಬರುತ್ತಿತ್ತು, ಫೈಲ್ ಹೀಗೆ ಊದಿಕೊಳ್ಳುತ್ತಿರಲಿಲ್ಲ. ಲಾಗನ್ನು ತಿಂಗಳಿಗೊಂದು ಪಾರ್ಟಿಷನ್ ಮಾಡಿದ್ದರೆ ಇನ್ನೂ ಸಲೀಸು: ಹಳೇ ತಿಂಗಳನ್ನು ಡ್ರಾಪ್ ಮಾಡಿದರೆ ಅದರ ಫೈಲೇ ಹೋಗುತ್ತದೆ. ಇಷ್ಟನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಡಿಬಿಎಂಎಸ್ ಲ್ಯಾಬ್‌ನಲ್ಲಿ ಡಿಲೀಟ್ ಬರೆದು ಔಟ್‌ಪುಟ್ ಬಂದರೆ ಸಾಕು, ರೆಕಾರ್ಡ್‌ಗೆ ಸೈನ್ ಬೀಳುತ್ತದೆ.

ನಾವು ಕೇಳುವುದು ಒಂದೇ ಒಂದು ಹೊಸ ಪ್ರಯೋಗ. ಹತ್ತು ಲಕ್ಷ ಸಾಲು ತುಂಬಿಸಿ, ಅರ್ಧ ಅಳಿಸಿ, ಟೇಬಲ್‌ನ ಗಾತ್ರ ನೋಡಿ. ವ್ಯಾಕ್ಯೂಮ್ ಓಡಿಸಿ ಮತ್ತೆ ನೋಡಿ. ಇನ್ನೈದು ಲಕ್ಷ ಸೇರಿಸಿ ಮತ್ತೊಮ್ಮೆ ನೋಡಿ. ಒಂದು ಲ್ಯಾಬ್ ಪಿರಿಯಡ್ ಸಾಕು. ಮುಂದಿನ ಫೆಸ್ಟ್ ನಡೆಸುವ ಜೂನಿಯರ್‌ಗಳಾದರೂ ಡಿಸ್ಕ್ ತುಂಬುವ ಮೊದಲೇ ಇದನ್ನು ಕಲಿತಿರಲಿ.