ತಿಪಟೂರು ಎಂದು ಬರೆದರೆ ಏಳು ಪ್ರಶ್ನಾರ್ಥಕ!

ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರ ಸಂಘವೊಂದು ಸದಸ್ಯರ ಪಟ್ಟಿ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂತು. ಕಂಪ್ಯೂಟರಿನಿಂದ ತೆಗೆದ ಪಟ್ಟಿ. ತೆರೆದು ನೋಡಿದರೆ ಹೆಸರಿಲ್ಲ, ಊರಿಲ್ಲ, ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ! ತಿಪಟೂರು ಇರಬೇಕಾದಲ್ಲಿ ಏಳು, ತುರುವೇಕೆರೆ ಇರಬೇಕಾದಲ್ಲಿ ಹತ್ತು. ಕೊಬ್ಬರಿ ಮೂಟೆಗಳ ಲೆಕ್ಕ ಮಾತ್ರ ಸರಿಯಾಗಿತ್ತು. ಅಂಕಿ ಉಳಿದಿತ್ತು, ರೈತ ಮಾಯವಾಗಿದ್ದ.

ಇದು ಯಾರ ಪಿತೂರಿ? ಯಾರದೂ ಅಲ್ಲ, ನಮ್ಮದೇ ಉದಾಸೀನ.

ಪಟ್ಟಿ ಇದ್ದದ್ದು ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೆಯ ಆವೃತ್ತಿಯಲ್ಲಿ. ಅದು 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ನಾವು ಏನೂ ಹೇಳದಿದ್ದರೆ ಹಳೆಯ ಆವೃತ್ತಿಗಳು ತಾವಾಗಿಯೇ ಹಿಡಿಯುತ್ತಿದ್ದ ಅಕ್ಷರಗಣ 'ಲ್ಯಾಟಿನ್1', ಅಕಾರಾದಿ ಕ್ರಮ ಸ್ವೀಡಿಷ್! ಸ್ವೀಡನ್ನಿನವರು ತಮ್ಮ ಮನೆಯಲ್ಲಿ ತಮ್ಮ ಭಾಷೆ ಇಟ್ಟುಕೊಂಡರು. ಅದು ತಪ್ಪಲ್ಲ. ನಮ್ಮ ಮನೆಯಲ್ಲೂ ಅದನ್ನೇ ಇಟ್ಟುಕೊಂಡೆವಲ್ಲ, ಅದು ನಾಚಿಕೆಗೇಡು.

ಲ್ಯಾಟಿನ್1ರಲ್ಲಿ ಇರುವುದೇ 256 ಮನೆ. ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಕೇಸಿನಲ್ಲಿ ಕನ್ನಡದ ಮೊಳೆ ಇಲ್ಲದಿದ್ದರೆ ಕಂಪೋಸಿಟರ್ ಕೂಗಿ ಹೇಳುತ್ತಿದ್ದ. ಈ ಸರ್ವರ್ ಕೂಗಲಿಲ್ಲ. ಸದ್ದಿಲ್ಲದೆ ಅಕ್ಷರಕ್ಕೊಂದು '?' ಇಟ್ಟು ಮುಂದೆ ಹೋಯಿತು. ಹಾಗೆ ಕೂತ ಮೇಲೆ ಮೂಲ ಅಕ್ಷರ ತಿರುಗಿ ಬರುವುದಿಲ್ಲ. ಸಂಘದವರು ಹಳೆಯ ಕಾಗದದ ಲೆಡ್ಜರು ಇಟ್ಟಿದ್ದರು, ಉಳಿದುಕೊಂಡರು.

ದಾರಿ ಇರಲಿಲ್ಲವೇ? ಇತ್ತು. ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಮೈಎಸ್‌ಕ್ಯುಎಲ್‌ನಲ್ಲೇ 2004ರ 4.1 ಆವೃತ್ತಿಯಿಂದ ಯುಟಿಎಫ್8 ಇದೆ. ಕೇಳಿದ್ದರೆ ಕೊಡುತ್ತಿತ್ತು, ಕೇಳುವವರು ಇರಲಿಲ್ಲ. 2018ರ 8.0 ಆವೃತ್ತಿಯಿಂದ ಕೇಳದಿದ್ದರೂ 'ಯುಟಿಎಫ್8ಎಂಬಿ4' ಸಿಗುತ್ತದೆ. ಆದರೆ ಎಚ್ಚರ! ಸರ್ವರ್ ಹೊಸದಾದ ಮಾತ್ರಕ್ಕೆ ಹಳೆಯ ಟೇಬಲ್ ಬದಲಾಗುವುದಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಕನ್ನಡದ ಹುಡುಗ ಹುಡುಗಿಯರೇ, ಬೋರ್ಡಿಗೆ ಮಸಿ ಬಳಿಯುವ ಹೋರಾಟ ನಿಮ್ಮಿಂದ ಬೇಡ. 'ಶೋ ವೇರಿಯಬಲ್ಸ್' ಆದೇಶ ಕೊಟ್ಟು ಅಕ್ಷರಗಣ ಯಾವುದೆಂದು ನೋಡಿ. ಸರ್ವರ್, ಡೇಟಾಬೇಸ್, ಟೇಬಲ್, ಕಾಲಂ, ಕನೆಕ್ಷನ್, ಐದೂ ಕಡೆ ನೋಡಿ. ಒಂದು ಕಡೆ ತಪ್ಪಿದರೂ ಕನ್ನಡ ಕೆಡಬಹುದು. ಬದಲಿಸುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು, ಉಳಿಸಿ, ಮತ್ತೆ ತೆಗೆದು ಓದಿ.

ಡೀಫಾಲ್ಟ್ ಎಂದರೆ ನಾವು ಬಾಯಿ ಮುಚ್ಚಿಕೊಂಡಿದ್ದಾಗ ಇನ್ನೊಬ್ಬರು ಮಾಡಿದ ತೀರ್ಮಾನ. ಕನ್ನಡಿಗರು ಬಾಯಿ ಮುಚ್ಚಿಕೊಂಡು ಕಳೆದುಕೊಂಡದ್ದು ಸಾಕು. ಬಾಯಿ ಬಿಡಿ!